ಮಾರಿದವರು ಮೋಟಾರ್ ದೂರಿದರು, ತೊಂದರೆ ಇದ್ದದ್ದು ರೋಲರ್‌ನಲ್ಲಿ

ನಾನು ಕೊಂಡ ಹಳೆಯ ಥಿಕ್‌ನೆಸ್ ಪ್ಲೇನರ್ (ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವ ಯಂತ್ರ) ಬಗ್ಗೆ ಮಾರಿದವರು ಮೊದಲೇ ಹೇಳಿದ್ದರು: ಮೋಟಾರ್ ವೀಕ್, ಹಲಗೆ ಅರ್ಧಕ್ಕೇ ನಿಂತುಬಿಡುತ್ತೆ. ಓಡಿಸಿ ನೋಡಿದೆ. ಹಲಗೆ ನಿಂತದ್ದು ನಿಜ, ಆದರೆ ಮೋಟಾರಿನ ಸದ್ದು ಒಂದಿಷ್ಟೂ ಇಳಿಯಲಿಲ್ಲ. ಶಕ್ತಿ ಸಾಲದ ಮೋಟಾರ್ ಮೊದಲು ಸದ್ದಿನಲ್ಲೇ ಸೋಲುತ್ತದೆ. ಪಕ್ಕದಿಂದ ಬಗ್ಗಿ ನೋಡಿದರೆ ಹಲಗೆಯನ್ನು ಎಳೆದು ಸಾಗಿಸುವ ರೋಲರ್‌ಗಳೂ ತಿರುಗುತ್ತಿದ್ದವು. ಅವು ನಿಂತಿದ್ದರೆ ಚೈನ್ ಅಥವಾ ಗೇರ್ ಬಿಚ್ಚಬೇಕಿತ್ತು. ರೋಲರ್ ತಿರುಗಿಯೂ ಹಲಗೆ ಕದಲದಿದ್ದರೆ ಅದು ಬರೀ ಜಾರುವಿಕೆ.

ಪ್ಲಗ್ ಕಿತ್ತು ಮುಚ್ಚಳ ತೆಗೆದೆ. ರಬ್ಬರ್ ರೋಲರ್‌ಗಳ ಮೇಲೆ ಮರದ ಅಂಟೂ ಹುಡಿಯೂ ಸೇರಿ ಗಾಜಿನಂಥ ಹೊಳಪು ಕಟ್ಟಿತ್ತು. ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ, ಒರಟು ಮೇಲ್ಮೈ ಕೈಗೆ ಸಿಗುವವರೆಗೆ ಒರೆಸಿದೆ. ಥಿನ್ನರ್ ಬೇಡ, ರಬ್ಬರ್ ಉಬ್ಬುತ್ತದೆ. ಹಲಗೆ ಜಾರಿ ಸಾಗುವ ಕೆಳಗಿನ ಲೋಹದ ಹಾಸಿನ, ಅಂದರೆ ಬೆಡ್‌ನ, ತುಕ್ಕನ್ನು ನಯವಾದ ಸ್ಟೀಲ್ ವುಲ್‌ನಿಂದ ತಿಕ್ಕಿ, ಮೇಣ ಹಚ್ಚಿ, ಒಣಗಿದ ಮೇಲೆ ಹೊಳಪು ಬರುವಂತೆ ಉಜ್ಜಿದೆ. ಸಿಲಿಕೋನ್ ಸ್ಪ್ರೇ ಸುಲಭ ಅನ್ನಿಸುತ್ತದೆ, ಆದರೆ ಅದು ಹಲಗೆಗೆ ತಾಗಿದರೆ ಮುಂದೆ ಪಾಲಿಶ್ ಅಲ್ಲಲ್ಲಿ ಕುಳಿ ಬೀಳುತ್ತದೆ. ಎಣ್ಣೆಯಂತೂ ಹುಡಿಯನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಇಷ್ಟಕ್ಕೇ ಹಲಗೆ ಸರಾಗವಾಗಿ ಸಾಗತೊಡಗಿತು. ಮೇಣವನ್ನು ಈಗಲೂ ಆಗಾಗ ಹಚ್ಚುತ್ತೇನೆ. ಇಡೀ ನಿರ್ವಹಣೆಯಲ್ಲಿ ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಆಮೇಲೆ ಬ್ಲೇಡ್. ಮೊಂಡಾದ ಬ್ಲೇಡ್ ಮರವನ್ನು ಕತ್ತರಿಸುವ ಬದಲು ಬಡಿಯುತ್ತದೆ, ಎಳೆಗಳನ್ನು ಕೀಳುತ್ತದೆ, ರೋಲರ್ ಎಳೆದರೂ ಹಲಗೆಯನ್ನು ತಡೆಯುತ್ತದೆ. ಹಲಗೆಯುದ್ದಕ್ಕೂ ಕೂದಲೆಳೆಯಂಥ ಒಂದು ಏಣು ಉಳಿಯುತ್ತಿತ್ತು. ಎಲ್ಲ ಬ್ಲೇಡ್‌ಗಳಿಗೂ ಒಂದೇ ಜಾಗದಲ್ಲಿ ಏಟು ಬಿದ್ದಿದೆ ಎಂದರ್ಥ. ಒಂದನ್ನು ತುಸು ಪಕ್ಕಕ್ಕೆ ಸರಿಸಿದರೆ ಇನ್ನೊಂದರ ಕಚ್ಚು ಉಳಿಸಿದ ಏಣನ್ನು ಅದು ಕೆತ್ತಿಹಾಕುತ್ತದೆ. ಪಿನ್ ಮೇಲೆ ಕೂರುವ ಬ್ಲೇಡ್‌ಗಳು ಪಕ್ಕಕ್ಕೆ ಸರಿಯುವುದಿಲ್ಲ, ಅವುಗಳಲ್ಲಿ ಈ ಉಪಾಯ ನಡೆಯದು. ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ತೂಕ ಹೆಚ್ಚುಕಮ್ಮಿಯಾದರೆ ಬ್ಲೇಡ್‌ಗಳನ್ನು ಹಿಡಿದು ತಿರುಗುವ ಹೆಡ್ ನಡುಗುತ್ತದೆ. ಬೋಲ್ಟ್‌ಗಳನ್ನು ಒಂದೇ ಸಲ ಬಿಗಿಯದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರುತ್ತೇನೆ. ಬ್ಲೇಡ್ ಮುಟ್ಟುವಾಗ ಕೈಗವಸು ದಪ್ಪನೆಯದೇ ಇರಲಿ, ಆದರೆ ಮಷಿನ್ ಓಡಿಸುವಾಗ ಕಡ್ಡಾಯವಾಗಿ ತೆಗೆದಿಡಿ.

ಹಲಗೆಯ ಎಡಬಲ ದಪ್ಪ ಒಂದೇ ಇದೆಯೇ ನೋಡಲು, ಒಂದೇ ದಪ್ಪದ ಎರಡು ಪಟ್ಟಿಗಳನ್ನು ಬೆಡ್‌ನ ಎರಡು ಅಂಚಿನಲ್ಲಿ ಒಟ್ಟಿಗೇ ಬಿಟ್ಟು, ಹೊರಬಂದದ್ದನ್ನು ವರ್ನಿಯರ್‌ನಿಂದ ಅಳೆದೆ. ವ್ಯತ್ಯಾಸ ಕಂಡಿತು. ಬ್ಲೇಡ್ ಓರೆಯಾಗಿ ಕೂತಿದ್ದರೂ ಇದೇ ಲಕ್ಷಣ, ಆದ್ದರಿಂದ ಅದನ್ನು ಮೊದಲು ಪರೀಕ್ಷಿಸಿದೆ. ಅದು ಸರಿಯಿತ್ತು. ಆಮೇಲೆ ಎತ್ತರ ಹೊಂದಿಸುವ ಸ್ಕ್ರೂಗಳ ಚೈನ್ ಸಡಿಲಿಸಿ, ಒಂದು ಬದಿಯ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಅನ್ನು ಒಂದು ಹಲ್ಲು ಮುಂದೆ ಸರಿಸಿದೆ.

ತುದಿಯಲ್ಲಿ ಬೀಳುವ ಗುಳಿ ಮಾತ್ರ ಪೂರ್ತಿ ಹೋಗಿಲ್ಲ. ಹಲಗೆಯ ತುದಿ ಒಂದೇ ರೋಲರ್‌ನ ಹಿಡಿತದಲ್ಲಿರುವಾಗ ಮೇಲೇಳುವುದರಿಂದ ಅದು ಬೀಳುತ್ತದೆ. ಹಿಂದುಮುಂದಿನ ಟೇಬಲ್‌ಗಳ ಹೊರತುದಿ ತುಸು ಎತ್ತರಿಸಿದ ಮೇಲೆ ಕಡಿಮೆಯಾಗಿದೆ. ಉಳಿದದ್ದಕ್ಕೆ ಹಲಗೆಯನ್ನು ಬೇಕಾದ್ದಕ್ಕಿಂತ ಉದ್ದ ಇಟ್ಟು, ಕೊನೆಯಲ್ಲಿ ಆ ತುದಿ ಕತ್ತರಿಸಿಬಿಡುತ್ತೇನೆ.