ಎರೆಮಣ್ಣಿನ ಅಂಗಳಕ್ಕೆ ಬಸವನಪಾದ

ಬೇಗ ಬೆಳೆದು ಮನೆ ಮುಂದೆ ಹೂ ತುಂಬಿ ನಿಲ್ಲುವ ಮರ ಬೇಕಾ? ವಿಜಯಪುರ ಕಡೆಯವರಿಗೆ ನಾನು ಮೊದಲು ಹೇಳುವುದು ಬಸವನಪಾದವನ್ನೇ. ಗುಲ್‌ಮೊಹರ್ ಕೂಡ ಬೇಗ ಬೆಳೆಯುತ್ತದೆ, ನಿಜ. ಆದರೆ ಅದರ ಬೇರು ಮೇಲ್ಮೇಲೆ ಹರಡಿ ಕಾಂಪೌಂಡ್ ಗೋಡೆಗೇ ಕುತ್ತು ತರುತ್ತದೆ. ಬಸವನಪಾದ ಸುಮಾರು 20–30 ಅಡಿಗೆ ನಿಲ್ಲುತ್ತದೆ. ಬೀಜದಿಂದ ಬೆಳೆಸಿದರೂ ಎರಡು–ಮೂರು ವರ್ಷಕ್ಕೆ ಹೂ ಕಾಣಬಹುದು. ದಸರಾ, ದೀಪಾವಳಿ ಹೊತ್ತಿಗೆ ಗುಲಾಬಿ–ನೇರಳೆ ಬಣ್ಣದ ಹೂ!

ಕಾಯಿ ಒಣಗಿದರೆ ಟಪ್ಪೆಂದು ಸಿಡಿದು ಬೀಜ ದೂರ ಹಾರುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಕಿತ್ತುಕೊಳ್ಳಿ. ಬೀಜವನ್ನು ಒಂದು ರಾತ್ರಿ ನೆನೆಸಿ, ಮಣ್ಣು ತುಂಬಿದ ಚೀಲದಲ್ಲಿ ಅರ್ಧ ಇಂಚು ಆಳಕ್ಕೆ ಊರಿ. ಸಸಿ ಒಂದೂವರೆ ಅಡಿ ಆದ ಮೇಲೆ ಚೀಲದಲ್ಲಿ ಇಟ್ಟುಕೊಳ್ಳಬೇಡಿ, ತಾಯಿಬೇರು ತಳದಲ್ಲೇ ಸುತ್ತಿಕೊಳ್ಳುತ್ತದೆ. ಮೊದಲ ಮಳೆ ಬಿದ್ದ ಮೇಲೆ ನೆಡಿ. ಗೋಡೆಯಿಂದ 10 ಅಡಿ ದೂರ ಇರಲಿ, ಮೇಲೆ ಕರೆಂಟ್ ತಂತಿ ಇರಬಾರದು.

ಗುಂಡಿಯ ವಿಷಯದಲ್ಲಿ ಮಾತ್ರ ಅವಸರ ಬೇಡ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ನೀರು ಬಸಿಯಲಿ ಅಂತ ಎಷ್ಟೋ ಜನ ಗುಂಡಿಗೆ ಬರೀ ಮರಳು ತುಂಬುತ್ತಾರೆ. ಆಗುವುದು ಉಲ್ಟಾ. ಸುತ್ತಲಿನ ನೀರೆಲ್ಲ ಆ ಸಡಿಲ ಜಾಗಕ್ಕೇ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇಲ್ಲದೆ ಬೇರು ಕೊಳೆಯುತ್ತದೆ. ಅದರ ಬದಲು ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಅದೇ ಮಣ್ಣಿನ ಎರಡು ಪಾಲಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಬೆರೆಸಿ. ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ದಿಬ್ಬ ಮಾಡಿ, ಅದರ ಮೇಲೆ ಸಸಿ ನೆಡಿ. ದಯವಿಟ್ಟು ಈ ದಿಬ್ಬ ಬಿಡಬೇಡಿ. ಎರೆಯಲ್ಲಿ ಸಸಿ ಉಳಿಯುವುದು ಅದರಿಂದಲೇ.

ಬುಡದಿಂದ ನಾಲ್ಕು ಬೆರಳು ಬಿಟ್ಟು ಸುತ್ತಲೂ ಕಬ್ಬಿನ ರವದಿ (ಒಣಗಿದ ಎಲೆ) ಹೊದಿಸಿ. ಮಣ್ಣು ಬಿರಿದು ಎಳೆ ಬೇರು ಹರಿಯುವುದು ತಪ್ಪುತ್ತದೆ. ಆಡುಗಳಿಗೆ ಇದರ ಎಲೆ ಬಲು ಇಷ್ಟ, ಜಾಲಿಮುಳ್ಳು ಕಟ್ಟಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಸಾಕು. ಸುಮ್ನೆ ದಿನಾ ಹಾಕಬೇಡಿ. ಮೂರು ಇಂಚು ಕೆದಕಿ ನೋಡಿ, ತೇವ ಇದ್ದರೆ ಕೊಡ ಕೆಳಗಿಡಿ.

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಹೀಗಾಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ.

ಬುಡದಿಂದ ನಾಲ್ಕಾರು ಕಾಂಡ ಏಳುವುದುಂಟು. ಮರದ ಆಕಾರ ಬೇಕಿದ್ದರೆ ಗಟ್ಟಿಯಾದ ಒಂದನ್ನು ಉಳಿಸಿ, ಮಿಕ್ಕವನ್ನು ಎಳೆಯದಾಗಿರುವಾಗಲೇ ತೆಗೆಯಿರಿ. ದೊಡ್ಡ ಸವರುವಿಕೆ ಹೂ ಮುಗಿದ ಮೇಲೆಯೇ. ಮಳೆಗಾಲದ ಕೊನೆಗೆ ಸವರಿದರೆ ಆ ವರ್ಷದ ಮೊಗ್ಗು ಹೋಗುತ್ತದೆ.