ಜಡೆ ಹೆಣೆದು ಎಣಿಸಿದ 24 ಗೇಟುಗಳು

ಉಡುಪಿಯಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಟೋಪೊಲಾಜಿಕಲ್ ಕ್ವಾಂಟಮ್ ಕಂಪ್ಯೂಟಿಂಗ್ ಕಲಿತದ್ದು ಮಲ್ಲಿಗೆ ಕಟ್ಟುವ ಬಾಳೆನಾರಿನ ಮೂರು ಎಳೆಗಳಿಂದ ಮತ್ತು ಪೈಥಾನ್‌ನಲ್ಲಿ ಬರೆದ ಒಂದು ಚಿಕ್ಕ ಪ್ರೋಗ್ರಾಮಿನಿಂದ. ಭೌತವಿಜ್ಞಾನಿ ಅಲೆಕ್ಸಿ ಕಿಟಾಯೆವ್ 1997ರಲ್ಲಿ ಮುಂದಿಟ್ಟ ಈ ಯೋಚನೆಯ ತಿರುಳು ಇಷ್ಟು: ಎರಡು ಆಯಾಮಗಳ ಪದರದಲ್ಲಿ ಮಾತ್ರ ಇರಬಲ್ಲ, ಕಣಗಳಂತೆ ವರ್ತಿಸುವ ಎನಿಯಾನ್‌ಗಳನ್ನು ಒಂದರ ಸುತ್ತ ಒಂದು ಸರಿಸಿದಾಗ ಅವುಗಳ ಜಾಡುಗಳು ಕಾಲದುದ್ದಕ್ಕೂ ಜಡೆಯಂತೆ ಹೆಣೆದುಕೊಳ್ಳುತ್ತವೆ, ಕೆಲವು ಬಗೆಯ ಎನಿಯಾನ್‌ಗಳಲ್ಲಿ ಆ ಹೆಣಿಗೆಯೇ ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕವಾದ ಕ್ಯೂಬಿಟ್‌ನ ಮೇಲೆ ಗೇಟ್ (ಅದರ ಸ್ಥಿತಿಯನ್ನು ಬದಲಿಸುವ ಕ್ರಿಯೆ) ಆಗಿ ಕೆಲಸ ಮಾಡುತ್ತದೆ. ನಾರು ಸಡಿಲವಿದ್ದರೂ ಬಿಗಿಯಿದ್ದರೂ ಯಾವ ಎಳೆ ಯಾವುದರ ಮೇಲೆ ಹಾಯಿತೆಂಬ ಕ್ರಮ ಬದಲಾಗದು. ಎನಿಯಾನ್‌ಗಳು ಪರಸ್ಪರ ದೂರವಿದ್ದು, ತಾಪ ತೀರಾ ಕಡಿಮೆಯಿರುವವರೆಗೆ ಸಣ್ಣ ಅಲುಗಾಟಗಳಿಂದ ಲೆಕ್ಕ ಕೆಡದಿರುವುದಕ್ಕೆ ಇದೇ ಕಾರಣ.

ಮೊದಲು ಐಸಿಂಗ್ ಎಂಬ ಬಗೆಯ ಎನಿಯಾನ್‌ಗಳನ್ನು ಆರಿಸಿಕೊಂಡೆ. ಪಕ್ಕಪಕ್ಕದ ಎಳೆಗಳನ್ನು ಅದಲುಬದಲು ಮಾಡುವ ಎರಡು ಹೆಣಿಗೆಗಳಿಗೆ ಎರಡು ಮಾತೃಕೆಗಳನ್ನು ಬರೆದು, ಅವನ್ನೂ ಅವುಗಳ ವಿಲೋಮಗಳನ್ನೂ ಎಲ್ಲ ಕ್ರಮಗಳಲ್ಲಿ ಗುಣಿಸುತ್ತ ಹೊಸ ಗೇಟುಗಳನ್ನು ಎಣಿಸಲು ಹಚ್ಚಿದೆ. ಅಳತೆಯಲ್ಲಿ ಕಾಣದ ಒಟ್ಟಾರೆ ಫೇಸ್ ಬಿಟ್ಟು ಲೆಕ್ಕ ಹಾಕಿದರೆ ಎಣಿಕೆ 24ಕ್ಕೆ ನಿಂತುಬಿಟ್ಟಿತು. ಎಣಿಕೆ ಬೆಳೆಯುತ್ತಲೇ ಹೋಗಬೇಕೆಂದುಕೊಂಡಿದ್ದ ನಾನು ಪ್ರೋಗ್ರಾಮಿನಲ್ಲೇ ತಪ್ಪಿದೆಯೆಂದು ಎರಡು ಸಂಜೆ ಹುಡುಕಿದೆ. ಎರಡನೆಯ ಸಂಜೆ ಮಳೆಗೆ ಕರೆಂಟೂ ಹೋಯಿತು. ಮೊಂಬತ್ತಿಯ ಬೆಳಕಿನಲ್ಲಿ ನಾರು ಹಿಡಿದು, ಮಗಳಿಗೆ ಜಡೆ ಹಾಕುವ ಹಾಗೆ ಬಲದ ಎಳೆಯನ್ನೊಮ್ಮೆ, ಎಡದ ಎಳೆಯನ್ನೊಮ್ಮೆ ನಡುವಿನದರ ಮೇಲೆ ದಾಟಿಸುತ್ತ, ಪ್ರತಿ ದಾಟಿಗೂ ಕಾಗದದ ಮೇಲೆ ಗುಣಾಕಾರ ಮಾಡಿದೆ. ಆರು ದಾಟುಗಳಾದಾಗ ಮೂರು ಎಳೆಗಳೂ ತಮ್ಮ ಮೊದಲಿನ ಜಾಗಕ್ಕೆ ಬಂದಿದ್ದವು. ಕೈಯಲ್ಲಿ ಗಟ್ಟಿ ಜಡೆಯೇ ಇತ್ತು, ಆದರೆ ಕ್ಯೂಬಿಟ್‌ಗೆ ಏನೂ ಆಗಿರಲಿಲ್ಲ! ಪ್ರೋಗ್ರಾಮ್ ಸರಿಯಾಗಿಯೇ ಇತ್ತು. ದಾಳವೊಂದನ್ನು ತಿರುಗಿಸಿ ಇಡಲು ಎಷ್ಟು ಬಗೆಗಳಿವೆಯೋ ಅಷ್ಟೇ ಗೇಟುಗಳು ಐಸಿಂಗ್ ಹೆಣಿಗೆಯಿಂದ ಸಿಗುತ್ತವೆ. ಪ್ರಯೋಗಾಲಯಗಳಲ್ಲಿ ಅತಿವಾಹಕ ತಂತಿಗಳ ತುದಿಗಳಲ್ಲಿ ಹುಡುಕುತ್ತಿರುವ ಮಯೋರಾನಾ ಸ್ಥಿತಿಗಳೂ ಇದೇ ಬಗೆಯವಾದ್ದರಿಂದ, ಎಲ್ಲ ಬಗೆಯ ಲೆಕ್ಕಗಳಿಗೆ ಬೇಕಾದ, ಆದರೆ ಈ 24ರಲ್ಲಿ ಇಲ್ಲದ ಟಿ ಗೇಟನ್ನು ಹೆಣಿಗೆಯ ಹೊರಗಿನ ಉಪಾಯದಿಂದ ತರಬೇಕಾಗುತ್ತದೆ. ಪರಿಚಯ ಲೇಖನಗಳು ಈ ಮಾತನ್ನು ಕೊನೆಯ ಸಾಲಿಗೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಆಮೇಲೆ ಫಿಬೊನಾಚಿ ಎಂಬ ಇನ್ನೊಂದು ಬಗೆಯ ಎನಿಯಾನ್‌ಗಳಿಗೆ ಹೋದೆ. ಅಲ್ಲಿ ತಪ್ಪು ನಿಜವಾಗಿಯೂ ನನ್ನದೇ ಆಗಿತ್ತು. ಮೊದಲನೆಯ-ಎರಡನೆಯ-ಮೊದಲನೆಯ ಹೆಣಿಗೆಯೂ ಎರಡನೆಯ-ಮೊದಲನೆಯ-ಎರಡನೆಯ ಹೆಣಿಗೆಯೂ ಒಂದೇ ಆಗಬೇಕು. ನನ್ನ ಮಾತೃಕೆಗಳಲ್ಲಿ ಆಗುತ್ತಿರಲಿಲ್ಲ. ಮೂರು ಎನಿಯಾನ್‌ಗಳಲ್ಲಿ ಎಡದ ಜೋಡಿಯನ್ನು ಮೊದಲು ಕೂಡಿಸುವ ಲೆಕ್ಕವನ್ನು ಬಲದ ಜೋಡಿಯ ಲೆಕ್ಕಕ್ಕೆ ಬದಲಿಸುವ ಎಫ್ ಮಾತೃಕೆಯ ಕರ್ಣದಲ್ಲಿ 0.618 ಮತ್ತು −0.618 ಇರಬೇಕು, ಉಳಿದೆರಡು ಕಡೆ 0.618ರ ವರ್ಗಮೂಲವಾದ 0.786 ಬರಬೇಕು, ನಾನು ಅಲ್ಲಿಯೂ 0.618 ಎಂದೇ ಬರೆದಿದ್ದೆ. ಪ್ರತಿ ಸಾಲಿನ ಸಂಖ್ಯೆಗಳ ವರ್ಗಗಳ ಮೊತ್ತ 1 ಆಗಬೇಕು, 0.618ರ ವರ್ಗಕ್ಕೆ 0.618 (ಅಂದರೆ 0.786ರ ವರ್ಗ) ಕೂಡಿಸಿದರೆ 1 ಬರುತ್ತದೆಂಬುದು ಹೊಳೆದ ಕೂಡಲೇ ಅದನ್ನು ತಿದ್ದಿದೆ. ಈಗ ಎಣಿಕೆ ನಿಲ್ಲಲಿಲ್ಲ. ಹೆಣಿಗೆ ಉದ್ದವಾದಷ್ಟೂ ಬೇಕಾದ ಗೇಟಿಗೆ ಇನ್ನಷ್ಟು ಹತ್ತಿರ ಹೋಗಬಹುದೆಂದು ಗಣಿತಜ್ಞರಾದ ಫ್ರೀಡ್‌ಮನ್, ಲಾರ್ಸೆನ್ ಮತ್ತು ವಾಂಗ್ 2002ರಲ್ಲಿ ತೋರಿಸಿದ್ದರು. ಮಗಳ ಜಡೆಯನ್ನು ಈ ಮಾತೃಕೆಗಳಲ್ಲಿ ಎಷ್ಟು ಉದ್ದ ಹೆಣೆದರೂ ಕ್ಯೂಬಿಟ್ ಹೊರಟ ಜಾಗಕ್ಕೆ ಮರಳುವುದಿಲ್ಲ.