ಶಾಲೆಯಲ್ಲಿ ಮೀನು ಸಾಕಣೆ ಪಾಠ: ಮೊದಲು ನೀರು, ಆಮೇಲೆ ಮರಿ

ಮಕ್ಕಳಿಗೆ ಮೀನು ಸಾಕಣೆ ಕಲಿಸಲು ಹೊರಟ ಶಾಲೆಗಳು ತೊಟ್ಟಿ, ನೀರು, ಮರಿ ಎಲ್ಲವನ್ನೂ ಒಂದೇ ದಿನ ತಂದುಬಿಡುತ್ತವೆ. ಕೆಲವೇ ದಿನಗಳಲ್ಲಿ ಮೀನು ಸಾಯತೊಡಗುತ್ತವೆ. ಮಕ್ಕಳು ಬೇಜಾರಾಗಿ ತೊಟ್ಟಿಯ ಹತ್ತಿರವೂ ಸುಳಿಯುವುದಿಲ್ಲ.

ತೊಟ್ಟಿ ಹೊಂದಿಸುವುದು ಸುಲಭ. 200 ಲೀಟರಿನದು, ನೀರಿಗೆ ಗಾಳಿ ಊದುವ ಒಂದು ಏರೇಟರ್, ಒಂದು ಸ್ಪಂಜ್ ಫಿಲ್ಟರ್ ಸಾಕು. ಗಾಜಿನ ಪುಟ್ಟ ಬೋಗುಣಿ ಬೇಡವೇ ಬೇಡ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರವ ಹಾಕಿ.

ಎಡವುವುದು ಇನ್ನು ಮುಂದೆ. ಮೀನು ಬಿಡುವ ಮೊದಲೇ ದಿನಾ ಒಂದು ಚಿಟಿಕೆ ಮೀನಿನ ಆಹಾರ ನೀರಿಗೆ ಹಾಕಿಸಿ. ಅದು ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ವಿಷ. ಮೂರನೆಯದರಿಂದ ಅಷ್ಟು ಅಪಾಯವಿಲ್ಲ. ದಿನ ಬಿಟ್ಟು ದಿನ ಮಕ್ಕಳೇ ನೀರು ಪರೀಕ್ಷಿಸಿ, ಗೋಡೆಯ ಮೇಲಿನ ಗ್ರಾಫ್‌ನಲ್ಲಿ ಚುಕ್ಕಿ ಇಡಲಿ. ಅಮೋನಿಯಾ ಏರಿ ಇಳಿಯುತ್ತದೆ, ಅದರ ಹಿಂದೆಯೇ ನೈಟ್ರೈಟ್ ಏರುತ್ತದೆ. ಆಹಾರ ಹಾಕುತ್ತಿದ್ದರೂ ಎರಡೂ ಸೊನ್ನೆಯಲ್ಲೇ ನಿಂತ ಮೇಲೆ ಮರಿ ತನ್ನಿ. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನನ್ನನ್ನು ಕೇಳಿದರೆ ಇಡೀ ಪಾಠದಲ್ಲಿ ಇದೇ ಅತ್ಯಂತ ಒಳ್ಳೆಯ ಭಾಗ, ಕಣ್ಣಿಗೆ ಕಾಣದ ಜೀವಿಗಳು ಕೆಲಸ ಮಾಡುವುದನ್ನು ಮಕ್ಕಳು ತಾವೇ ಹಿಡಿಯುತ್ತಾರೆ ಅಲ್ವಾ?

ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ನಂಬಿ ಈ ಹಂತ ಹಾರಿಸಬೇಡಿ. ಅವಸರವಿದ್ದರೆ ಆರೋಗ್ಯವಾಗಿರುವ ಹಳೆಯ ತೊಟ್ಟಿಯೊಂದರ ಫಿಲ್ಟರ್ ಸ್ಪಂಜ್ ತಂದು ಹಾಕಿ, ಬ್ಯಾಕ್ಟೀರಿಯಾ ಅದರಲ್ಲೇ ಇರುವುದರಿಂದ ಕಾಯುವುದು ಎಷ್ಟೋ ಕಡಿಮೆಯಾಗುತ್ತದೆ. ಪರೀಕ್ಷೆಗೆ ಹನಿ ಹಾಕುವ ಕಿಟ್ ಕೊಳ್ಳಿ. ನೀರಲ್ಲಿ ಅದ್ದಿ ನೋಡುವ ಅಗ್ಗದ ಪಟ್ಟಿಗಳು ಹಲವು ಅಮೋನಿಯಾ ತೋರಿಸುವುದೇ ಇಲ್ಲ.

ಮರಿ ಬಂದಾಗ ಚೀಲವನ್ನು 15–20 ನಿಮಿಷ ತೊಟ್ಟಿಯಲ್ಲಿ ತೇಲಿಸಿ, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸಿ ಬಿಡಿ. ಎಲ್ಲವನ್ನೂ ಒಟ್ಟಿಗೆ ಬಿಡದೆ ಕಂತಿನಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಕ್ಕೂ ಹೊಂದಿಕೊಳ್ಳಲು ಸಮಯ ಸಿಗುತ್ತದೆ.

ಆಹಾರದ ಲೆಕ್ಕ ಮಕ್ಕಳದೇ: ದಿನಕ್ಕೆ ಮೀನುಗಳ ಒಟ್ಟು ತೂಕದ ಶೇ 4ರಷ್ಟು. ಸರಾಸರಿ 10 ಗ್ರಾಂನ 20 ಮರಿ ಅಂದರೆ 200 ಗ್ರಾಂ. ಅದರ ಶೇ 4 ಅಂದರೆ ದಿನಕ್ಕೆ 8 ಗ್ರಾಂ. ಎರಡು ಹೊತ್ತು ಹಂಚಿ ಹಾಕಿ, ಹತ್ತು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ತೆಗೆಸಿ. ಹದಿನೈದು ದಿನಕ್ಕೊಮ್ಮೆ ಒದ್ದೆ ಕೈಯಲ್ಲಿ ಕೆಲವು ಮೀನು ಹಿಡಿದು ತೂಗಿ, ಲೆಕ್ಕ ಬದಲಿಸಿ.

ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ, ಸಾಕಿದ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ಎರಡು ದಿನ ರಜೆ ಇದೆಯೆಂದು ಮುಂಚಿತವಾಗಿ ಜಾಸ್ತಿ ಆಹಾರ ಸುರಿಯಬೇಡಿ, ಅಷ್ಟು ಹಸಿವು ಮೀನು ತಡೆಯುತ್ತವೆ. ಏರೇಟರ್ ಸ್ವಿಚ್ ಮೇಲೆ ಮಾತ್ರ ‘ಆರಿಸಬೇಡಿ’ ಎಂದು ಚೀಟಿ ಅಂಟಿಸಿ ಹೋಗಿ.